ಹಿತ್ತಲಿಗೆ ಬಿದ್ದ ಗುಳಿಗೆಗಳು

ಆ ಗುರುವಾರ ಮಾಸ್ತರು ಒಬ್ಬರೇ ಬಂದರು. ಅದೇ ಮೊದಲ ಆಶ್ಚರ್ಯ.

ಗುರುವಾರ ನಮ್ಮ ಉಪಕೇಂದ್ರದಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಹಿರಿಯರನ್ನು ನೋಡುವ ದಿನ. ಊರು ನವಲಗುಂದ ತಾಲೂಕಿನ ಮೊರಬದಿಂದ ಒಳಗೆ, ಕಪ್ಪು ಎರೆಮಣ್ಣಿನ ಹೊಲಗಳ ನಡುವೆ. ನಾನು ಅಲ್ಲಿನ ಆರೋಗ್ಯಾಧಿಕಾರಿ. ಊರವರ ಬಾಯಲ್ಲಿ ಬರೀ ‘ಸಿಸ್ಟರ್’. ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಇಬ್ಬರು ಬಂದು ಕುಳಿತಿರುತ್ತಾರೆ. ಒಬ್ಬರು ನಿವೃತ್ತ ಶಾಲಾ ಮಾಸ್ತರು, ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಇನ್ನೊಬ್ಬರು ನಿವೃತ್ತ ಬಸ್ ಡ್ರೈವರ್, ಶುಕ್ರವಾರದ ನಮಾಜು ತಪ್ಪಿಸದವರು. ಊರು ಅವರನ್ನು ಡ್ರೈವರ್ ಕಾಕಾ ಅನ್ನುತ್ತದೆ. ಸಣ್ಣವರಿದ್ದಾಗಿನಿಂದ ಗೆಳೆಯರು. ಇಬ್ಬರಲ್ಲಿ ಯಾರ ಬಿ.ಪಿ. ಕಡಿಮೆ ಬರುತ್ತದೋ ಅವರಿಗೆ ಇನ್ನೊಬ್ಬರು ಚಹಾ ಕುಡಿಸಬೇಕು ಎಂಬ ಪಂದ್ಯವೂ ಅವರ ನಡುವೆ ಇತ್ತು.

“ಕಾಕಾ ಎಲ್ಲ್ರಿ?” ಎಂದೆ.

“ಏನೋ ಕೆಲಸ ಇರಬೇಕ್ರಿ,” ಎಂದು ಮಾಸ್ತರು ತೋಳು ಚಾಚಿದರು.

ಬಿ.ಪಿ. ನೋಡುವುದಕ್ಕೆ ನನ್ನದೇ ಒಂದು ಶಿಸ್ತಿದೆ. ಬಂದವರು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು, ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ನೋಡುವಾಗ ಮಾತು ಬೇಡ. ಬೇರೆಯವರಿಗೆ ಇದನ್ನೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗುತ್ತದೆ. ಮಾಸ್ತರಿಗೆ ಮಾತ್ರ ಹೇಳಬೇಕಾಗಿಲ್ಲ. ಆವತ್ತೂ ಅವರು ಹಾಗೇ ಕುಳಿತಿದ್ದರು. ಆದರೂ ಬಿ.ಪಿ. ಸಿಕ್ಕಾಪಟ್ಟೆ ಏರಿತ್ತು. ಇನ್ನೊಂದು ತೋಳಿಗೆ ಕಟ್ಟಿ ನೋಡಿದೆ. ಅಲ್ಲೂ ಅಷ್ಟೇ ಇತ್ತು.

ಹೆದರಿಕೆಯಾಯಿತು. ಅವರ ಎದೆಯ ರಕ್ತನಾಳ ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿದ್ದರು. ನಮ್ಮ ಕಡೆ ಅದಕ್ಕೆ ‘ಸ್ಪ್ರಿಂಗ್ ಹಾಕ್ಯಾರ’ ಅನ್ನುತ್ತೇವೆ. ಆ ಸ್ಪ್ರಿಂಗಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಸ್ಪ್ರಿಂಗಿನ ಒಳಗೇ ರಕ್ತ ಗಟ್ಟಿಯಾಗಿ, ತೆರೆದಿದ್ದ ದಾರಿ ಮತ್ತೆ ಮುಚ್ಚಬಹುದು.

“ಗುಳಿಗಿ ದಿನಾ ತಗೊಳ್ಳಾಕತ್ತೀರಿಲ್ರಿ?”

ಮಾಸ್ತರು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡಿದರು. “ತಗೊಳ್ಳೂದು ತಗೊಂಡೇನ್ರಿ.”

ಪ್ರತಿ ಸಲ ಖಾಲಿಯಾದ ಗುಳಿಗೆ ಹಾಳೆಗಳನ್ನು ತಂದು ತೋರಿಸಬೇಕು ಎಂಬುದು ನನ್ನ ಇನ್ನೊಂದು ನಿಯಮ. ಚೀಲದಲ್ಲಿ ಕನ್ನಡಕ ಇತ್ತು, ಪೇಪರ್ ಇತ್ತು, ಹಾಳೆಗಳು ಇರಲಿಲ್ಲ. “ಮರತ ಬಂದೆ ನೋಡ್ರಿ,” ಎಂದರು. ಮೂವತ್ತು ವರ್ಷ ಮಕ್ಕಳ ಇಂಥ ನೆಪ ಕೇಳಿದ ಮನುಷ್ಯ ತಾವೇ ಒಂದು ನೆಪ ಹೇಳುವಾಗ ಎಷ್ಟು ಪೇಚಾಡುತ್ತಾರೆ ಎಂದು ಅವತ್ತು ನೋಡಿದೆ. ಎದೆ ನೋವು, ದಮ್ಮು, ದವಡೆ ಸೆಳೆತ ಏನಾದರೂ ಇದೆಯೇ ಎಂದು ಕೇಳಿದೆ. ಏನೂ ಇಲ್ಲ ಎಂದರು. ಜೋರು ಮಾಡಿದರೆ ಎದ್ದು ಹೋಗುವ ಆಸಾಮಿ. ಮನೆಗೆ ಹೋಗಿ ಮಲಗಿರಿ, ನಾನೇ ಬರುತ್ತೇನೆ ಎಂದು ಕಳಿಸಿದೆ. ಸಾಲಿನಲ್ಲಿದ್ದವರನ್ನು ಆಶಾ ಕಾರ್ಯಕರ್ತೆಗೆ ಒಪ್ಪಿಸಿ ಹಿಂದೆಯೇ ಹೊರಟೆ.

ಮನೆಯಲ್ಲಿ ಸೊಸೆ ಜೋಳ ಹಸನು ಮಾಡುತ್ತಿದ್ದಳು. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ನನಗೆ ಪರಿಚಯದವಳು. ನನ್ನನ್ನು ನೋಡಿದ್ದೇ ಮೊರ ಕೆಳಗಿಟ್ಟು ಸನ್ನೆ ಮಾಡಿ ಹಿತ್ತಲಿಗೆ ಕರೆದೊಯ್ದಳು. ಬಚ್ಚಲ ಒಲೆಯ ಬಾಜು ಕಟ್ಟಿಗೆ ಒಟ್ಟಿದ್ದರು. ಅದರ ಮೇಲೆ ಒಂದು ಹಳೆಯ ಡಬ್ಬಿ. ಡಬ್ಬಿಯ ಒಳಗೆ ಮಾಸ್ತರ ಗುಳಿಗೆಗಳೆಲ್ಲ ಇದ್ದವು: ಹುಬ್ಬಳ್ಳಿಯ ಡಾಕ್ಟರು ಬರೆದ ಕ್ಯಾಪ್ಸೂಲು, ನಾನು ಕೊಟ್ಟ ಬಿ.ಪಿ. ಗುಳಿಗೆ. ಅವುಗಳ ನಡುವೆ ದಪ್ಪ ಬಾಟಲಿ, ಅದರೊಳಗೆ ಜೇನಿನ ಬಣ್ಣದ ಉದ್ದುದ್ದ ಕ್ಯಾಪ್ಸೂಲುಗಳು.

ಅವಳು ಪಿಸುಮಾತಿನಲ್ಲಿ ಹೇಳಿದಳು. “ಈ ಬಾಟ್ಲಿ ಡ್ರೈವರ್ ಕಾಕಾರು ಕೊಟ್ಟಿದ್ದರಿ. ಅವರ ಮಗಳು ಹುಬ್ಬಳ್ಳಿಯಿಂದ ಎರಡ ತಂದಿದ್ಲಂತ. ನರದಾಗಿನ ಕೊಬ್ಬು ತೊಳೀತೈತಿ, ನಂಗೊಂದು ನಿಂಗೊಂದು ಅಂತ ಮಾವಾರಿಗೆ ಕೊಟ್ರು. ಮಾವಾರು ಪೂಜಿ ಮುಗಿಸಿ ಪಾದೋದಕದ ಜೋಡಿ ದಿನಾ ಒಂದು ತಗೊಂತಿದ್ರು. ಮೊನ್ನೆ ಗ್ವಾಡಿ ಮಾಡ ಒರಸೂ ಮುಂದ ನಾ ಬಾಟ್ಲಿ ತಿರುವಿ ನೋಡಿದೆ. ಕೆಂಪು ಗುರುತು ಐತ್ರಿ.”

ತಿರುಗಿಸಿ ನೋಡಿದೆ. ಅಂಗಡಿಯ ತಿನಿಸಿನ ಮೇಲೆ ಮಾಂಸಾಹಾರ ಎಂದು ತಿಳಿಸಲು ಹಾಕುತ್ತಾರಲ್ಲ, ಅದೇ ಕಂದುಗೆಂಪು ಗುರುತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಮೀನೆಣ್ಣೆ ಎಂದು ಬರೆದಿತ್ತು.

ಮಾಸ್ತರು ಲಿಂಗಪೂಜೆಯ ನೀರಿನ ಜೊತೆ ವಾರಗಟ್ಟಲೆ ಮೀನೆಣ್ಣೆ ನುಂಗಿದ್ದರು. ಗುರುತು ತೋರಿಸಿದ ಹೊತ್ತಿಗೇ ಅವರು ಬಾಟಲಿಯ ಜೊತೆ ಬೇರೆ ಗುಳಿಗೆಗಳನ್ನೂ ಗೋಡೆಯ ಮಾಡದಿಂದ ಎತ್ತಿ ಹಿತ್ತಲಿಗೆ ಇಡಿಸಿದ್ದರು. ಯಾವುದರೊಳಗೆ ಏನಿದೆಯೋ ಯಾರಿಗೆ ಗೊತ್ತು ಎಂದಿದ್ದರಂತೆ. ನಾಲ್ಕೈದು ದಿನವಾಗಿತ್ತು. ಇದನ್ನು ಯಾರ ಮುಂದೆಯೂ ಆಡಕೂಡದು ಎಂದು ಸೊಸೆಗೆ ತಾಕೀತು ಬೇರೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊದಲು ಆ ಬಾಟಲಿಯ ಮೇಲೆ. ಎದೆಯ ನಾಳ ತೊಳೆಯಲು ಅದೇನು ಊರ ಗಟಾರವೇ? ಇರುವ ಬ್ಲಾಕನ್ನು ಇಂಥ ಕ್ಯಾಪ್ಸೂಲು ಕರಗಿಸುವುದಿಲ್ಲ. ಮೇಲಾಗಿ ರಕ್ತ ತೆಳ್ಳಗೆ ಮಾಡುವ ಔಷಧ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಸೇರಿಸಿಕೊಳ್ಳಬಾರದು. ಆಮೇಲೆ ಸಿಟ್ಟು ಮಾಸ್ತರ ಮೇಲೆ ತಿರುಗಿತು. ಒಳಗೆ ಹೋಗಿ ಎದುರು ಕುಳಿತು ಒಂದು ಭಾಷಣವನ್ನೇ ಬಿಗಿದೆ.

ಅವರು ಪೂರ್ತಿ ಕೇಳಿಸಿಕೊಂಡರು. “ಬಾಟ್ಲಿ ವಿಷಯ ಬಿಡ್ರಿ ಸಿಸ್ಟರ್, ಅದು ಮುಗದ ಹೋತು.”

“ಹಂಗಾರ ನನ್ನ ಮುಂದ ಯಾಕ ಹೇಳಲಿಲ್ಲ್ರಿ?”

“ಹೇಳಿದ್ರ ಯಾರು ಕೊಟ್ರು ಅಂತ ಕೇಳ್ತಿದ್ರಿ. ಊರಾಗ ಒಬ್ಬರ ಕಿವಿಗೆ ಬಿದ್ರ ಹತ್ತು ಮಂದಿ ಹತ್ತು ತರಾ ಮಾತಾಡ್ತಾರ. ಅವ ಗೊತ್ತಿಲ್ಲದ ಪ್ರೀತಿಲೆ ಕೊಟ್ಟಾನ. ಅವನ ಹೆಸರಿಗೆ ಇದು ಅಂಟಬಾರದು.”

ನನ್ನ ಸಿಟ್ಟು ಅರ್ಧ ಇಳಿಯಿತು. ಆಗ ಅವರು ಹುಬ್ಬಳ್ಳಿಯ ಕ್ಯಾಪ್ಸೂಲಿನ ಹಾಳೆ ತರಿಸಿ ನನ್ನ ಕೈಯಲ್ಲಿ ಇಟ್ಟರು.

“ಇದರ ಮ್ಯಾಲೆ ಹಸಿರೂ ಇಲ್ಲ, ಕೆಂಪೂ ಇಲ್ಲ. ಇದರಾಗೂ ಏನರೆ ಐತೇನ್ರಿ? ಖರೆ ಹೇಳ್ರಿ.”

ಔಷಧದ ಮೇಲೆ ಆ ಗುರುತು ಇರುವುದಿಲ್ಲ. ನಾಲ್ಕೂರಿನ ಔಷಧ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟಿದ ನನಗೆ ಉತ್ತರ ಗೊತ್ತಿತ್ತು. ಒಳಗಿರುವುದು ಎರಡು ಬಗೆಯ ರಕ್ತ ತೆಳ್ಳಗಾಗಿಸುವ ಔಷಧ, ಕೊಬ್ಬು ಇಳಿಸುವುದು ಒಂದು. ಮೂರನ್ನೂ ತುಂಬಿದ ಹೊರಗಿನ ಸಿಪ್ಪೆ ಮಾತ್ರ ಜಿಲೆಟಿನ್. ಅದನ್ನು ಮಾಡುವುದು ಪ್ರಾಣಿಗಳ ಎಲುಬು, ತೊಗಲಿನಿಂದ.

ಮಾಸ್ತರ ಬೆನ್ನ ಹಿಂದೆ ಸೊಸೆ ನಿಂತಿದ್ದಳು. ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಜೋರಾಗಿ ತಲೆಯಾಡಿಸುತ್ತಿದ್ದಳು. ‘ಇಲ್ಲ’ ಅಂದರೆ ಅವರು ಅಲ್ಲೇ ನೀರು ತರಿಸಿ ನುಂಗುತ್ತಿದ್ದರು. ನಾನು ಉಪಕೇಂದ್ರಕ್ಕೆ ಹೋಗಿ ಉಳಿದ ಸಾಲು ಮುಗಿಸಬಹುದಿತ್ತು. ಆ ಎರಡಕ್ಷರ ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮನುಷ್ಯ ಗೆಳೆಯನ ಮರ್ಯಾದೆ ಉಳಿಸಲು ಜೀವವನ್ನೇ ಪಣಕ್ಕಿಟ್ಟು ಕುಳಿತಿದ್ದರು. ನನ್ನ ಮೇಲೆ ನಂಬಿಕೆ ಇಟ್ಟೇ ಕೇಳುತ್ತಿದ್ದರು. ಅವರ ಬಾಯಿಗೆ ಹೋಗುವುದು ಏನು ಎಂದು ತಿಳಿಯುವ ಹಕ್ಕು ಅವರದು.

“ಔಷಧದಾಗ ಇಲ್ರಿ. ಮ್ಯಾಲಿನ ಸಿಪ್ಪಿಯೊಳಗ ಐತ್ರಿ,” ಎಂದೆ.

ಸೊಸೆ ಹಣೆ ಹಣೆ ಬಡಿದುಕೊಂಡಳು. ಮಾಸ್ತರು ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನೆಲದ ಮೇಲಿಟ್ಟರು. “ಭಾಳ ಉಪಕಾರ ಆತ್ರಿ. ಹಂಗಾರ ಬ್ಯಾಡ.”

ಎಷ್ಟು ಹೇಳಿದರೂ ಅಷ್ಟೇ. ಸಿಪ್ಪೆ ಬಿಡಿಸಿ ಒಳಗಿನದನ್ನು ಮಾತ್ರ ಕೊಡಬಹುದೇ ಎಂದು ಸೊಸೆ ಕೇಳಿದಳು. ಅದೂ ಆಗುವುದಿಲ್ಲ, ಕೆಲವು ಔಷಧ ಹೊಟ್ಟೆಯಲ್ಲಿ ಯಾವಾಗ ಬಿಚ್ಚಿಕೊಳ್ಳಬೇಕು ಎಂಬುದಕ್ಕೂ ಲೆಕ್ಕ ಇರುತ್ತದೆ, ನಮ್ಮ ಮನಸ್ಸಿಗೆ ಬಂದಂತೆ ಬಿಡಿಸಬಾರದು. ಅಂಗಳಕ್ಕೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಮೊದಲು ನನ್ನನ್ನೇ ಬೈದರು.

“ಇಲ್ಲ ಅಂದಿದ್ರ ಮುಗೀತಿತ್ತಲ್ರೀ ಸಿಸ್ಟರ್! ಸತ್ಯ ಹೇಳಾಕ ನಿಮಗ ಇವತ್ತ ಮುಹೂರ್ತ ಸಿಕ್ಕಿತ್ತೇನು?”

“ಹೇಳಿ ಆಗೇತ್ರಿ ಸರ್. ಮುಂದ ಏನ್ ಮಾಡೂಣು ಹೇಳ್ರಿ,” ಎಂದೆ. ಧೈರ್ಯ ಹೊರಗಷ್ಟೇ. ಮಾಸ್ತರಿಗೆ ಏನಾದರೂ ಆದರೆ ನನ್ನ ಸತ್ಯವನ್ನು ಯಾರ ಮುಂದೆ ಹಿಡಿದು ನಿಲ್ಲಲಿ?

ಡಾಕ್ಟರು ಬೈದರೂ ಕೆಲಸ ಬಿಡುವವರಲ್ಲ. ಮೊದಲು ಇ.ಸಿ.ಜಿ. ಆಗಲಿ, ಕರೆತನ್ನಿ ಎಂದರು. ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲೇ ಒಳಗೆ ಹೋಗಿ ಹೇಳಿದೆ.

“ಅದರಾಗ ಏನೂ ನುಂಗೂದಿಲ್ಲಲ್ರಿ? ಹಂಗಾರ ನಡೀರಿ,” ಎಂದು ಮಾಸ್ತರು ಟೊಪ್ಪಿಗೆ ಹಾಕಿಕೊಂಡು ಎದ್ದೇಬಿಟ್ಟರು.

ಪಕ್ಕದ ಮನೆಯವರ ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಡಲೆ ಹೊಲ ಹಸಿರಾಗಿ ಹರಡಿತ್ತು. ಮಾಸ್ತರು ಯಾವ ಹೊಲ ಯಾರದು ಎಂದು ಹೇಳುತ್ತ ಆರಾಮವಾಗಿ ಕುಳಿತಿದ್ದರು. ಎದೆ ಹಿಡಿದುಕೊಂಡು ಕುಳಿತವಳು ನಾನು. ಇ.ಸಿ.ಜಿ. ಹಾಳೆ ಹೊರಬಂತು. ಡಾಕ್ಟರು ಅದನ್ನು ಹಿಂದಿನದರ ಪಕ್ಕ ಇಟ್ಟು ಒಂದೊಂದೇ ಏರಿಳಿತ ಹೋಲಿಸಿದರು. ಹೊಸ ಬದಲಾವಣೆ ಇರಲಿಲ್ಲ. ಅದರ ಫೋಟೋ ತೆಗೆದು ಹುಬ್ಬಳ್ಳಿಯ ಹೃದಯದ ಡಾಕ್ಟರಿಗೆ ಕಳಿಸಿದರು. ಆಮೇಲೆ ಫೋನಿನಲ್ಲಿ ಮಾತಾಡಿದರು. ಒಂದು ಕ್ಯಾಪ್ಸೂಲಿನ ಬದಲು ಮೂರು ಬೇರೆ ಬೇರೆ ಗುಳಿಗೆ ಕೊಡಬಹುದು, ಗುಳಿಗೆಗೆ ಆ ಸಿಪ್ಪೆ ಇರುವುದಿಲ್ಲ. ನಡುವೆ ತಪ್ಪಿದ್ದರಿಂದ ಮೊದಲ ದಿನ ಎಷ್ಟು ಕೊಡಬೇಕು ಎಂಬುದನ್ನೂ ಹುಬ್ಬಳ್ಳಿಯವರೇ ಹೇಳಿದರು. ಇವತ್ತೇ ಶುರುವಾಗಬೇಕು, ನಾಳೆ ಅನ್ನಬೇಡಿ ಎಂದೂ ಹೇಳಿದರಂತೆ.

ಒಂದು ಗುಳಿಗೆ ನಮ್ಮ ಕೇಂದ್ರದಲ್ಲಿ ಇರಲಿಲ್ಲ. ನವಲಗುಂದದಿಂದಲೇ ತರಬೇಕು. ಸೊಸೆಗೆ ಫೋನ್ ಮಾಡಿ ಹೇಳಿ, ಚೀಟಿಯ ಫೋಟೋ ತೆಗೆದು ಕಳಿಸಿದೆ. ಅವಳ ಗಂಡ ಹುಬ್ಬಳ್ಳಿಯ ಕಚೇರಿಯಲ್ಲಿ, ಬರುವುದು ತಡ. “ಚಿಂತಿ ಬ್ಯಾಡ್ರಿ, ಯಾರನರೆ ಕಳಸ್ತೇನಿ,” ಎಂದಳು. ಮಾಸ್ತರನ್ನು ಮನೆಗೆ ಬಿಟ್ಟು ನಾನು ಉಪಕೇಂದ್ರಕ್ಕೆ ಮರಳಿದೆ.

ಚೀಟಿಯ ಫೋಟೋದಲ್ಲಿ ಯಾವ ಕಂಪನಿಯ ಗುಳಿಗೆ ಎಂದು ಇತ್ತು. ಮಾಸ್ತರು ಮತ್ತೆ ಪ್ರಶ್ನೆ ಕೇಳದೆ ಬಿಡುವವರಲ್ಲ ಎಂದು ಗೊತ್ತಿದ್ದರಿಂದ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದರು. ಯಾರೋ ಎತ್ತಿಕೊಂಡು ವಿಚಾರಿಸಿ ತಿಳಿಸುತ್ತೇವೆ ಎಂದರು. ಇಂಥವರು ತಿರುಗಿ ಮಾಡುವುದಿಲ್ಲ ಎಂದು ಗೊಣಗಿಕೊಂಡು ಬೇರೆ ಕೆಲಸಕ್ಕೆ ಹತ್ತಿದೆ. ನನ್ನ ಗೊಣಗಾಟ ಸುಳ್ಳಾಯಿತು. ಒಂದು ಕೂಸನ್ನು ತೂಗುತ್ತಿದ್ದಾಗ ಫೋನ್ ಬಂತು. ಆ ಗುಳಿಗೆಯಲ್ಲಿ ಸೇರಿಸುವ ಪದಾರ್ಥಗಳೆಲ್ಲ ಸಸ್ಯ ಮತ್ತು ಖನಿಜ ಮೂಲದವು ಎಂದರು. ನಂಬಲಾಗದೆ ಇನ್ನೊಮ್ಮೆ ಹೇಳಿಸಿದೆ. ಕೂಸಿನ ಅವ್ವ ನನ್ನ ಮುಖ ನೋಡಿ ನಕ್ಕಳು.

ಮಧ್ಯಾಹ್ನ ಇಳಿಹೊತ್ತಿಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಗುಳಿಗೆ ಪೊಟ್ಟಣ ಹಿಡಿದು ಇಳಿದವರು ಬೇರೆ ಯಾರೂ ಅಲ್ಲ, ಡ್ರೈವರ್ ಕಾಕಾ. ಸೊಸೆ ಅವರನ್ನೇ ಕಳಿಸಿದ್ದಳು. ಅಂಥ ಹೊತ್ತಿನಲ್ಲಿ ಆ ಮನೆಯವರಿಗೆ ಇನ್ಯಾರು ನೆನಪಾಗಬೇಕು?

“ಮಾಸ್ತರಗ ಗುಳಿಗಿ ಬದಲಿ ಮಾಡ್ಯಾರಂತ. ನಿಮಗ ತೋರಿಸಿ ಕೊಡು ಅಂದ್ಲು,” ಎಂದರು. ಯಾಕೆ ಬದಲಿ ಎಂಬುದು ಅವರಿಗೆ ತಿಳಿದಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪೊಟ್ಟಣ ಬಿಚ್ಚಿ ಚೀಟಿಗೆ ಹೊಂದಿಸಿ ನೋಡಿದೆ. ಸರಿ ಇತ್ತು.

ಕಾಕಾ ಹೊರಡಲಿಲ್ಲ. ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು.

“ಏನ್ರಿ ಕಾಕಾ? ಇವತ್ತ ಬಿ.ಪಿ. ತೋರಿಸಾಕೂ ಬಂದಿಲ್ಲ ನೀವು.”

“ಒಂದು ಕೇಳಬೇಕಾಗಿತ್ರಿ. ಮಾಸ್ತರ ಮುಂದ ಕೇಳಾಕ ಬರೂದಿಲ್ಲ, ಅದಕ್ಕ ಮುಂಜಾನೆ ಅವನ ಜೋಡಿ ಬರಲಿಲ್ಲ.” ಕಿಸೆಯಿಂದ ಒಂದು ಕ್ಯಾಪ್ಸೂಲು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದೇ ಜೇನಿನ ಬಣ್ಣ. “ಒಳಗ ಮೀನೆಣ್ಣಿ ಅಂತ ಮಗಳು ನಿನ್ನೆ ಹೇಳ್ಯಾಳ. ಮೀನು ನಮಗ ನಡೀತೈತಿ. ಆದ್ರ ಮ್ಯಾಲಿನ ಸಿಪ್ಪಿ ಯಾವ ಪ್ರಾಣಿದ್ರಿ? ಹಂದಿದರೆ ಇದ್ರ? ಅನುಮಾನ ಹತ್ತಿ ನಾ ಬಿಟ್ಟಬಿಟ್ಟೇನಿ. ನನ್ನ ಚಿಂತಿ ಅದಲ್ರಿ. ಅವಂಗೊಂದು ಬಾಟ್ಲಿ ನಾನ ಕೊಟ್ಟೇನಿ, ತೌಬಾ! ಲಿಂಗಾ ಕಟ್ಟಿದ ಮನಶ್ಯಾ. ಯಾವ ಮಾರಿ ಹೊತ್ಕೊಂಡು ಹೇಳ್ಲಿ?”

ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಕಾಕಾ ಗಾಬರಿಯಾಗಿ ನನ್ನನ್ನೇ ನೋಡಿದರು. ಅತ್ತ ಒಬ್ಬರು ಗುಳಿಗೆ ಬಿಟ್ಟು, ಇವರ ಹೆಸರು ಕೆಡಬಾರದು ಎಂದು ಬಾಯಿ ಹೊಲಿದುಕೊಂಡಿದ್ದಾರೆ. ಇತ್ತ ಇವರು ಅವರ ವ್ರತ ಕೆಡಿಸಿದೆನಲ್ಲ ಎಂದು ಮುಖ ತಪ್ಪಿಸಿ ಓಡಾಡುತ್ತಿದ್ದಾರೆ. ಒಂದೇ ಬಗೆಯ ಬಾಟಲಿಯ ಮುಚ್ಚಳ ತೆಗೆದ ಇಬ್ಬರಿಗೂ ಒಂದೇ ಸಿಪ್ಪೆ ಗಂಟಲಲ್ಲಿ ಸಿಕ್ಕಿತ್ತು.

“ಸಿಪ್ಪಿ ಯಾವುದರದು ಅಂತ ಇದರ ಮ್ಯಾಲೆ ಬರದಿಲ್ರಿ, ಗೊತ್ತಿಲ್ಲದ್ದು ನಾ ಹೇಳೂದಿಲ್ಲ,” ಎಂದೆ. “ಉಳಿದದ್ದು ನೀವು ಮಾಸ್ತರ ಎದುರಿಗೇ ಹೇಳ್ರಿ. ಹೆಂಗೂ ಗುಳಿಗಿ ಮುಟ್ಟಿಸಬೇಕಲ್ಲ, ನಡೀರಿ ನಾನೂ ಬರ್ತೇನಿ.”

“ಅವ ಸಿಟ್ಟಾದ್ರ?”

“ಸಿಟ್ಟಾದ್ರ ನಾ ಬಿ.ಪಿ. ನೋಡ್ತೇನಿ.”

ಮಾಸ್ತರು ಪಡಸಾಲೆಯಲ್ಲಿ ಕುಳಿತಿದ್ದರು. ಕಾಕಾ ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಕೊನೆಯಲ್ಲಿ, “ಆ ಬಾಟ್ಲಿ ಇನ್ನ ಇದ್ರ ಒಗದಬಿಡು ಮಾರಾಯಾ. ನನ್ನ ಮ್ಯಾಲಿನ ಸಿಟ್ಟು ಅದರ ಮ್ಯಾಲೆ ತೀರಿಸು,” ಎಂದರು. ತೋಳಿನಿಂದ ಕಣ್ಣೊರೆಸಿಕೊಂಡರು.

“ಅದು ಮೀನೆಣ್ಣಿ ಅಂತ ನಂಗ ಆಗಳೇ ಗೊತ್ತಾಗೇತಿ, ಲೇ,” ಎಂದರು ಮಾಸ್ತರು.

“ಗೊತ್ತಾಗೇತಿ? ಮತ್ತ ನಂಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಹಿಂಗ ಹೊಸ್ತಿಲ ಹೊರಗ ನಿಂತು ಅಳ್ತಿದ್ದಿ, ಅದಕ್ಕ. ಒಳಗ ಬಾ, ಕುಂಡ್ರು.”

ಕಾಕಾ ಒಳಗೆ ಬಂದು ಕುಳಿತರು. ಸೊಸೆ ನೀರು ತಂದಿಟ್ಟಳು. ಇನ್ನು ನನ್ನ ಸರದಿ. ಹೊಸ ಗುಳಿಗೆಗಳನ್ನು, ಜೊತೆಗೆ ಅವರು ಬಿಟ್ಟಿದ್ದ ಬಿ.ಪಿ. ಗುಳಿಗೆಯನ್ನು, ಮಾಸ್ತರ ಎದುರು ಸಾಲಾಗಿ ಇಟ್ಟೆ. ಇವುಗಳಿಗೆ ಸಿಪ್ಪೆ ಇಲ್ಲ. ನವಲಗುಂದದಿಂದ ಬಂದ ಇದರ ಬಗ್ಗೆ ಕಂಪನಿಯವರನ್ನೇ ಕೇಳಿದ್ದೇನೆ, ಅವರು ಹೀಗೆ ಹೇಳಿದ್ದಾರೆ. ಉಳಿದವನ್ನು ಮಾಡುವ ಎರಡು ಕಂಪನಿಗಳಿಗೆ ಫೋನ್ ಹತ್ತಿಲ್ಲ, ನಾಳೆ ಮತ್ತೆ ಮಾಡುತ್ತೇನೆ ಎಂದೆ. ಇನ್ನೊಂದು ಮಾತು ಉಳಿದಿತ್ತು. ಅದನ್ನು ನಾನು ಭಾಷಣವಾಗಿ ಹೇಳಲಿಲ್ಲ.

“ನೀವು ಇದನ್ನ ಬಿಟ್ರ ನಂಗ ಹೆದರಿಕಿ ಆಗ್ತೈತ್ರಿ ಮಾಸ್ತರ್. ಇವತ್ತ ದಿನಪೂರ್ತಿ ಹೆದರೇನಿ.”

ಮಾಸ್ತರು ಕನ್ನಡಕ ಹಾಕಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಕಾಕಾ ಉಸಿರು ಬಿಗಿಹಿಡಿದಿದ್ದರು. ಸೊಸೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

“ಮುಂಜಾನೆ ಅದರಾಗ ಐತಿ ಅಂತ ಹೇಳಿದವರು ಈಗ ಇದರಾಗ ಇಲ್ಲ ಅಂದ್ರ ನಂಬಬೇಕಾಗ್ತೈತಿ. ಉಳಿದದ್ದು ನಾಳೆ ತಿಳೀಲಿ, ಇವತ್ತ ತಗೊಂತೇನಿ,” ಎಂದರು ಮಾಸ್ತರು. ಡಾಕ್ಟರು ಹೇಳಿದಷ್ಟನ್ನು ಅಂಗೈಯಲ್ಲಿ ಇಟ್ಟೆ. ನುಂಗಿ ನೀರು ಕುಡಿದರು. ಗಂಟಲು ಏರಿ ಇಳಿದದ್ದನ್ನು ನಾವು ಮೂವರೂ ಕಣ್ಣು ಮಿಟುಕಿಸದೆ ನೋಡಿದೆವು. ಅವತ್ತು ನಾನು ಅನುಭವಿಸಿದ ಸಂತೋಷ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

ಸೊಸೆ ರೊಟ್ಟಿ ಬಡಿದಳು. ಬದನೆಕಾಯಿ ಪಲ್ಯ, ಮೊಸರು, ಅಗಸೆ ಬೀಜದ ಚಟ್ನಿಪುಡಿ, ಅಂದರೆ ನಮ್ಮ ಅಗಸಿ ಹಿಂಡಿ. ಮೀನೆಣ್ಣೆಯಲ್ಲಿರುವ ಒಮೆಗಾ ಎಂಬ ಒಳ್ಳೆಯ ಕೊಬ್ಬು ಅಗಸೆಯಲ್ಲಿಯೂ ಇದೆಯಂತೆ, ಇನ್ನು ಗುಳಿಗೆ ಯಾಕೆ ಎಂದು ಕಾಕಾ ಶುರು ಮಾಡಿದರು.

“ಹಿಂಡಿ ಊಟ, ಗುಳಿಗಿ ಔಷಧ. ಒಂದರ ಕೆಲಸ ಇನ್ನೊಂದು ಮಾಡೂದಿಲ್ರಿ,” ಎಂದು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಗದರಿದೆ. “ಹಿಂಡಿಗೆ ಉಪ್ಪು ಕಡಿಮಿ ಹಾಕ್ಸ್ರಿ. ಬಾಟ್ಲಿ ತರೂದಿದ್ರ ಮೊದಲ ನಂಗ ತೋರಿಸ್ರಿ.”

ಮರುದಿನ ಉಳಿದಿಬ್ಬರು ಕಂಪನಿಯವರಲ್ಲಿ ಒಬ್ಬರು ಸರಿಯಾದ ಉತ್ತರ ಕೊಟ್ಟರು. ಇನ್ನೊಬ್ಬರಿಗೆ ತಮ್ಮ ಗುಳಿಗೆಯಲ್ಲಿ ಏನಿದೆ ಎಂಬುದೇ ಸ್ಪಷ್ಟವಿರಲಿಲ್ಲ. ಅದನ್ನೂ ಮಾಸ್ತರಿಗೆ ಇದ್ದಂತೆ ಹೇಳಿದೆ, ಡಾಕ್ಟರನ್ನು ಕೇಳಿ ಬೇರೆ ಕಂಪನಿಯದನ್ನು ತರಿಸಿದೆ. ಡಾಕ್ಟರು ಈಗ ಯಾರಿಗೆ ಕ್ಯಾಪ್ಸೂಲು ಬರೆದರೂ, “ನಡೀತೈತೇನ್ರಿ ನಿಮಗ?” ಎಂದು ಮೊದಲೇ ಕೇಳುತ್ತಾರೆ. ನನ್ನನ್ನು ಬೈದದ್ದು ಅವರಿಗೆ ಮರೆತಿದೆ. ನಾನು ಮರೆತಿಲ್ಲ, ಆದರೆ ನೆನಪಿಸುವುದೂ ಇಲ್ಲ.

ಮಾಸ್ತರು ಒಂದನ್ನು ಮಾತ್ರ ಬದಲಾಯಿಸಿದರು. ಗುಳಿಗೆಯನ್ನು ಇನ್ನು ಪೂಜೆಯ ನೀರಿನ ಜೊತೆ ತೆಗೆದುಕೊಳ್ಳುವುದಿಲ್ಲ. ನಾಷ್ಟಾ ಮುಗಿಸಿ, ಅದನ್ನು ಕಿಸೆಯಲ್ಲಿ ಹಾಕಿಕೊಂಡು ಗ್ರಂಥಾಲಯದ ಕಟ್ಟೆಗೆ ಬರುತ್ತಾರೆ. ಕಾಕಾ ಅಲ್ಲಿ ನೀರಿನ ಬಾಟಲಿ, ತಮ್ಮ ಬಿ.ಪಿ. ಗುಳಿಗೆ ಎರಡನ್ನೂ ಹಿಡಿದು ಕಾಯುತ್ತಿರುತ್ತಾರೆ.

ಮೊನ್ನೆ ಲಸಿಕೆ ಡಬ್ಬಿ ಹೊತ್ತು ಆ ದಾರಿಯಲ್ಲಿ ಹೋಗುತ್ತಿದ್ದೆ. ಇಬ್ಬರೂ ಎದುರುಬದುರು ಕುಳಿತಿದ್ದರು. ಮಾಸ್ತರು ನೀರು ಕುಡಿದು ಬಾಟಲಿ ಕೆಳಗಿಟ್ಟರು.

“ಬಾಯಿ ತಗಿ,” ಎಂದರು ಕಾಕಾ.

ಊರ ಮಕ್ಕಳ ಉಗುರು, ಹಲ್ಲು ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ ಮಾಸ್ತರು ತುಟಿಪಿಟಕ್ಕೆನ್ನದೆ ಬಾಯಿ ತೆರೆದರು.

“ನಾಲಿಗಿ ಎತ್ತು, ಲೇ.”

ಮಾಸ್ತರು ನಾಲಿಗೆ ಎತ್ತಿ ತೋರಿಸಿದರು.